ಎಲ್ಲದಕ್ಕೂ ಹೌದ್ರಿ

"ಎದ್ದು ನಿಂತಾಗ ಕಣ್ಣಿಗೆ ಕತ್ತಲಿ ಬರತದೇನು?" ಡಾಕ್ಟರ್ ರಮಾಕಾಂತ ಕೇಳಿದರು.

"ಹೌದ್ರಿ," ಎಂದ ಮೈಲಾರಪ್ಪ.

ಕಿವಿಯಲ್ಲಿ ಗುಂಯ್ ಅನ್ನುತ್ತದೆಯೇ ಎಂದರು. ಹೌದ್ರಿ. ಹಸಿದಾಗ ತಲೆ ತಿರುಗುತ್ತದೆಯೇ, ಉಂಡ ಮೇಲೆಯೇ? ಎರಡಕ್ಕೂ ಹೌದ್ರಿ. ಡಾಕ್ಟರು ಪೆನ್ನು ಕೆಳಗಿಟ್ಟರು.

ಪಕ್ಕದಲ್ಲಿ ನಿಂತಿದ್ದ ಮಗಳು ಮುತ್ತವ್ವನಿಗೆ ಸಿಟ್ಟು ಬಂತು. ಅಪ್ಪನ ಸ್ವಭಾವ ಆಕೆಗೆ ಗೊತ್ತಿಲ್ಲವೇ? ಅವನು ಧಾರವಾಡದ ಶಾಲೆಯೊಂದರಲ್ಲಿ ಗಂಟೆ ಹೊಡೆಯುವ ಸಿಪಾಯಿ. ದೊಡ್ಡವರ ಎದುರಿಗೆ ಇಲ್ಲ ಎನ್ನಲು ಅವನಿಗೆ ಬಾಯಿಯೇ ಬರುವುದಿಲ್ಲ.

ಮುತ್ತವ್ವ ಅದೇ ಶಾಲೆಯಲ್ಲಿ ಐದನೆಯ ಇಯತ್ತೆ ಓದುತ್ತಿದ್ದಳು. ಹದಿನೈದು ದಿನದಿಂದ ಅಪ್ಪ ಶಾಲೆಯ ಅಂಗಳದಲ್ಲಿ ತೂರಾಡಿ, ಕಂಬ ಹಿಡಿದು ನಿಲ್ಲುತ್ತಿದ್ದ. ಸಿಪಾಯಿ ಕುಡಿದು ಬರುತ್ತಾನೆಂದು ಹುಡುಗರು ಕಿಸಿಕಿಸಿ ನಕ್ಕರು. ಪಾನನಿಷೇಧವಿದ್ದ ದಿನಗಳು ಅವು. ಅಂಥ ಮಾತು ಕಿವಿಗೆ ಬಿದ್ದರೆ ಹೆಡ್‌ಮಾಸ್ತರು ಸುಮ್ಮನಿರುತ್ತಾರೆಯೇ? ನಾಳೆ ಡಾಕ್ಟರ ಚೀಟಿ ತಾ, ಇಲ್ಲವಾದರೆ ನೌಕರಿ ಬಿಡು ಎಂದುಬಿಟ್ಟಿದ್ದರು.

ಹುಡುಗರ ಮಾತನ್ನು ಮುತ್ತವ್ವನೂ ನಂಬಿದ್ದಳು. ಅಪ್ಪನ ಜೊತೆ ಶಾಲೆಗೆ ನಡೆಯುವುದನ್ನು ಬಿಟ್ಟಿದ್ದಳು. ಕ್ಲಾಸಿನ ಕಿಟಕಿಯಿಂದ ಮಾತ್ರ ದಿನಾಲೂ ಕದ್ದು ನೋಡುತ್ತಿದ್ದಳು, ಇವತ್ತೂ ಮಾನ ಕಳೆಯುತ್ತಾನೇನೋ ಎಂದು.

"ಎಲ್ಲಾದಕ್ಕೂ ಹೌದು ಅಂದ್ರ ನಾ ಏನಂತ ಬರೀಲಿ?" ಎಂದರು ಡಾಕ್ಟರು.

"ಹೌದ್ರಿ," ಎಂದ ಮೈಲಾರಪ್ಪ.

ಮುತ್ತವ್ವನಿಗೆ ತಡೆಯಲಾಗಲಿಲ್ಲ. "ಅಲ್ಲರಿ ಡಾಕ್ಟರ್. ಕುಂತು ಎದ್ರ ಅಪ್ಪಗ ಏನೂ ಆಗೂದಿಲ್ರಿ. ಗಂಟಿ ಹೊಡ್ಯಾಕ ಮ್ಯಾಲೆ ನೋಡಿದಾಗಷ್ಟ ತಿರಗತೈತ್ರಿ. ನಾ ಮೂವತ್ತು ಎಣಸೂದ್ರಾಗ ನಿಂದರತೈತ್ರಿ."

ಹೇಳುತ್ತ ಹೇಳುತ್ತ ಆಕೆಯ ದನಿ ಸಣ್ಣದಾಯಿತು. ಕುಡಿದವನು ಗಂಟೆ ನೋಡಿದಾಗ ಮಾತ್ರ ತೂರಾಡುತ್ತಾನೆಯೇ? ಇಷ್ಟು ದಿನ ಇದು ತನಗೆ ಹೊಳೆಯಲೇ ಇಲ್ಲವಲ್ಲ!

ಡಾಕ್ಟರ ಮುಖ ಅರಳಿತು. ಮಲಗಿ ಹೊರಳಿದಾಗ ಏನಾಗುತ್ತದೆ ಎಂದು ಈ ಸಲ ಆಕೆಯನ್ನೇ ಕೇಳಿದರು. ಬಲಕ್ಕೆ ಹೊರಳಿದರೆ ಚಾಪೆಯನ್ನು ಗಟ್ಟಿಯಾಗಿ ಹಿಡಿಯುತ್ತಾನೆ ಎಂದಳು.

ಅವರು ಮೈಲಾರಪ್ಪನನ್ನು ಟೇಬಲ್ಲಿನ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಸರಕ್ಕನೆ ಮಲಗಿಸಿದರು. ಅವನ ಕಣ್ಣುಗುಡ್ಡೆಗಳು ಪಟಪಟ ಅಲುಗಿದವು. ಅವನು ಗಾಬರಿಯಿಂದ ಕೈ ಚಾಚಿದ. ಮುತ್ತವ್ವ ಓಡಿ ಬಂದು ಆ ಕೈ ಹಿಡಿದಳು.

ನಾವು ನೆಟ್ಟಗೆ ನಿಲ್ಲಲು ನೆರವಾಗುವ ಜಾಗವೊಂದು ಕಿವಿಯೊಳಗೆ ಇದೆ, ತೊಂದರೆ ಅಲ್ಲಿದೆ, ಕೆಲವು ವಾರಗಳಲ್ಲಿ ಹೋದೀತು ಎಂದರು ಡಾಕ್ಟರು. ಅಲ್ಲಿಯವರೆಗೆ ಗಂಟೆಯನ್ನು ಬೇರೆಯವರು ಹೊಡೆಯಲಿ ಎಂದು ಚೀಟಿ ಬರೆದರು. ಇದು ಕುಡಿತದಿಂದ ಬಂದದ್ದಲ್ಲ ಎಂದೂ ಬರೆದು, ಅದರ ಕೆಳಗೆ ಗೆರೆ ಎಳೆದರು.

ರಸ್ತೆಗೆ ಬಂದ ಮೇಲೆ ಅಪ್ಪ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ.

"ಸಾಲ್ಯಾಗ ದಿನಾ ನನ್ನ ನೋಡತಿದ್ದಿ ಏನವ್ವಾ?" ಎಂದು ಆಮೇಲೆ ಕೇಳಿದ. "ಮಗಳು ನನ್ನ ಮಾರಿ ನೋಡೂದನ್ನ ಬಿಟ್ಟಾಳ ಅಂತ ನಾ ತಿಳಕೊಂಡಿದ್ದೆ."

ಮುತ್ತವ್ವನಿಗೆ ಯಾಕೆ ನೋಡುತ್ತಿದ್ದೆನೆಂದು ಹೇಳಿಬಿಡಬೇಕು ಅನಿಸಿತು. ಆಗಲಿಲ್ಲ. ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಗಲ್ಲ ಒಳಗೆ ಹೋಗಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ಹದಿನೈದು ದಿನ ಬಿಡದೆ ನೋಡಿದ್ದಳು. ಅಪ್ಪ ಇಷ್ಟು ಹೆದರಿದ್ದಾನೆಂಬುದು ಆಕೆಗೆ ಕಂಡೇ ಇರಲಿಲ್ಲ.