ಜೊತೆಗಿರುವ ಕೆಲಸ

ಪೂರ್ವದರ್ಶಿ ಯಂತ್ರ ಆ ಬೆಳಿಗ್ಗೆ ಒಂದು ನೀರಿನ ಟ್ಯಾಂಕನ್ನು ಹತ್ತು ಸಾವಿರ ಸಲ ಕಟ್ಟಿತು. ಕಲ್ಲು, ಸಿಮೆಂಟು ಏನೂ ಇಲ್ಲದೆ, ತನ್ನ ಲೆಕ್ಕದೊಳಗೇ. ಕಾಮಗಾರಿ ಆರಂಭಿಸುವ ಮೂವತ್ತು ದಿನ ಮೊದಲು ಸುರಕ್ಷತಾ ಇಲಾಖೆಗೆ ಸೂಚನಾಪತ್ರ ಕೊಡಬೇಕೆಂಬುದು ಹಳೆಯ ಕಾನೂನು. ಪತ್ರ ಬಂದ ಕೂಡಲೇ ಈ ಯಂತ್ರ ಗಾಳಿ, ಮಳೆ, ಮಣ್ಣು, ಮನುಷ್ಯರ ದಣಿವು ಎಲ್ಲವನ್ನೂ ಬದಲಿಸಿ ಬದಲಿಸಿ ಕಟ್ಟಿ ನೋಡಿ, ಅಪಾಯ ಇದೆಯೇ ಎಂದು ಇಲಾಖೆಗೆ ತಿಳಿಸುತ್ತಿತ್ತು; ಇದ್ದರೆ ಅನುಮತಿಯಿಲ್ಲ.

ಕೊಪ್ಪಳದ ಆಚೆಯ ಗುಡ್ಡದ ಮೇಲೆ ಆ ಟ್ಯಾಂಕನ್ನು ಕಟ್ಟಿಸಬೇಕಿದ್ದವಳು ನೀಲವ್ವ ಗುಡದೂರ. ದುಡಿಯಲು ಹನ್ನೆರಡು ಕಟ್ಟುಯಂತ್ರಗಳು. ಅವನ್ನು ನೋಡಿಕೊಳ್ಳಲು ಅವಳೊಬ್ಬಳು. ಒಂಬತ್ತು ವರ್ಷಗಳಿಂದ ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗುತ್ತ, ತಗಡಿನ ಶೆಡ್ಡಿನಲ್ಲಿ ಒಬ್ಬಳೇ ಉಂಡು ಮಲಗುತ್ತಿದ್ದಳು. ಕೆಲವು ವಾರ ಅವಳು ಬಾಯಿ ತೆರೆದು ಆಡಿದ ಮಾತು ಒಂದೂ ಇರುತ್ತಿರಲಿಲ್ಲ.

ಅವಳ ಸೂಚನಾಪತ್ರ ‘ಅಪಾಯವಿದೆ’ ಎಂಬ ಒಂದೇ ಉತ್ತರದೊಂದಿಗೆ ಮೂರು ಸಲ ತಿರಸ್ಕೃತವಾಯಿತು. ಬೇಲಿ ಎತ್ತರಿಸಿದಳು, ಏಣಿ ಬದಲಿಸಿದಳು. ಉತ್ತರ ಮಾತ್ರ ಬದಲಾಗಲಿಲ್ಲ. ಇನ್ನೊಮ್ಮೆ ತಪ್ಪಿದರೆ ಕೆಲಸ ಬೇರೆಯವರ ಪಾಲು. ಕಡೆಗೆ ಅವಳು ಇಲಾಖೆಗೇ ಹೋಗಿ, ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಸುಬ್ಬನರಸಿಂಹರ ಎದುರು ಕೂತಳು.

“ತಪ್ಪೇನೈತಿ ಹೇಳ್ರಿ ಸರ, ಸರಿ ಮಾಡ್ತೀನಿ.”

“ಟ್ಯಾಂಕಿನಲ್ಲಿ ತಪ್ಪಿಲ್ಲಮ್ಮ,” ಎಂದರು ಅವರು, ಗಣಕದ ತೆರೆಯಿಂದ ಕಣ್ಣು ಕೀಳದೆ. “ಹತ್ತು ಸಾವಿರದಲ್ಲಿ ಒಂಬತ್ತು ಸಲ ನೀವು ಸತ್ತಿದ್ದೀರಿ.”

“ಮ್ಯಾಲಿಂದ ಬಿದ್ದೇನ್ರಿ?”

“ಒಮ್ಮೆ ಕಾಲು ಜಾರಿ. ಒಮ್ಮೆ ಚೇಳು ಕಡಿದು. ಒಮ್ಮೆ ಬರೀ ಜ್ವರ. ಯಾವುದೂ ಸಾಯುವಂಥದ್ದಲ್ಲ. ಪಕ್ಕದಲ್ಲಿ ಒಬ್ಬರಿದ್ದಿದ್ದರೆ ಉಳಿಯುತ್ತಿದ್ದಿರಿ. ಒಂಬತ್ತೂ ಸಲ ಯಂತ್ರಗಳು ಟ್ಯಾಂಕನ್ನು ಹೇಳಿದ ದಿನಕ್ಕೇ ಮುಗಿಸಿವೆ. ನೀವಿಲ್ಲವೆಂದು ಅದುವರೆಗೆ ಯಾರಿಗೂ ಗೊತ್ತಾಗಿಲ್ಲ.”

ನೀಲವ್ವ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. “ಕೈಗೊಂದು ಕರೆಗಂಟೆ ಕಟ್ಟಿಕೊಂಡ್ರ ಆಗಂಗಿಲ್ಲೇನ್ರಿ?”

“ಪೂರ್ವದರ್ಶಿ ಅದನ್ನೂ ಹಾಕಿ ನೋಡಿತು. ನೀವು ಒತ್ತುವುದಿಲ್ಲ. ನಿಮ್ಮ ಹಳೆಯ ದಾಖಲೆಗಳಲ್ಲಿ, ಒಂಬತ್ತು ವರ್ಷದಲ್ಲಿ ಒಮ್ಮೆಯೂ ನೀವು ಯಾರನ್ನೂ ಕರೆದಿಲ್ಲ.”

ನೀಲವ್ವ ಒಂದು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

“ಹೋದ ವರ್ಷ ಪೈಪು ಕಾಲಿನ ಮ್ಯಾಲೆ ಬಿದ್ದಿತ್ತು ಸರ,” ಎಂದಳು ನೀಲವ್ವ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. “ಒಂದು ಹಗಲು ಪೂರಾ ಹಂಗ ಬಿದ್ದಿದ್ದೆ. ಫೋನು ಕೈಯಾಗ ಇತ್ತು.”

“ಮತ್ತೆ?”

“ಯಾರಿಗೆ ಹಚ್ಚಬೇಕು ಅಂತ ತಿಳೀಲಿಲ್ಲ.”

ಸುಬ್ಬನರಸಿಂಹರು ಕನ್ನಡಕ ತೆಗೆದರು. ಕಟ್ಟಡದ ಜಾಗಗಳಲ್ಲಿ ಮನುಷ್ಯರು ಕಡಿಮೆಯಾದಷ್ಟೂ ಸಾವು ಕಡಿಮೆಯಾಗುತ್ತದೆಂದು ನಂಬಿ ಪೂರ್ವದರ್ಶಿಯನ್ನು ಕಟ್ಟಿದವರು ಅವರು. ಈಗ ಅವರೇ ಸೂಚನಾಪತ್ರವನ್ನು ಎಳೆದುಕೊಂಡು ‘ಎರಡನೆಯ ಆಳು’ ಎಂದು ಸೇರಿಸಿದರು. ಕೆಲಸದ ವಿವರ ಎಂಬಲ್ಲಿ ಏನು ಬರೆಯಬೇಕೆಂದು ತೋಚದೆ, ‘ಜೊತೆಗಿರುವುದು’ ಎಂದಷ್ಟೇ ಬರೆದರು. ಅನುಮತಿ ತಕ್ಷಣ ಬಂತು. ಮುಂದಿನ ಮಳೆಗಾಲದೊಳಗೆ ರಾಜ್ಯದಲ್ಲಿ ಒಬ್ಬೊಬ್ಬರೇ ದುಡಿಯುತ್ತಿದ್ದ ನಾಲ್ಕು ಸಾವಿರ ಕಾಮಗಾರಿಗಳಿಗೆ ಪೂರ್ವದರ್ಶಿ ಇದೇ ಷರತ್ತು ಹಾಕಿತು.

ನೀಲವ್ವನ ಗುಡ್ಡಕ್ಕೆ ಎರಡನೆಯ ಆಳಾಗಿ ಬಂದವರು ಹುಸೇನಬಿ. ಬಸ್ಸುಗಳು ತಾವೇ ಓಡತೊಡಗಿ ಕಂಡಕ್ಟರ್ ಕೆಲಸ ಹೋದ ಮೇಲೆ ಮನೆಯಲ್ಲಿ ಕೂತಿದ್ದ ಹೆಂಗಸು. ಚೀಲ ಇಳಿಸಿದವರೇ, “ನಾ ಏನು ಮಾಡ್ಬೇಕವ್ವ ಇಲ್ಲಿ?” ಎಂದು ಕೇಳಿದರು.

“ಏನಿಲ್ರಿ. ಇರೋದು.”

“ಅಷ್ಟ? ಹಂಗಾರ ಮೊದಲು ಚಾ ಮಾಡ್ತೀನಿ. ನಿನ್ನ ಹೆಸರೇನು?”

ನೀಲವ್ವ ಹೇಳಿದಳು. ಬಹಳ ದಿನ ಬಳಸದ ದನಿ ಅರ್ಧದಲ್ಲೇ ಒಡೆಯಿತು. ಯಂತ್ರಗಳ ಗದ್ದಲದಲ್ಲಿ ಅದು ಹುಸೇನಬಿಗೆ ಕೇಳಿಸಲೇ ಇಲ್ಲ. “ಏನಂದಿ?” ಎಂದು ಅವರು ಕಿವಿಗೆ ಕೈ ಹಿಡಿದರು.

ನೀಲವ್ವ ಎದ್ದು ಹೋಗಿ ಹನ್ನೆರಡೂ ಯಂತ್ರಗಳನ್ನು ನಿಲ್ಲಿಸಿ ಬಂದಳು.