ಅಂಬಾ ಬರೆದ ತಪ್ಪು ಅಂಕಿಗಳು

"ನಿಮ್ಮ ಕೈ ಯಾಕ ಹಂಗ ಅಲ್ಲಾಡ್ಲಿಕ್ಕತ್ತದ?"

ಅಂಬಾ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ನಿಂತವನು ಅವಧೂತ. ಬೆಳಗಾವಿಯವನು, ಇಪ್ಪತ್ತೆಂಟರ ಪ್ರಾಯ, ಹುಬ್ಬು ಗಂಟಿಕ್ಕಿಕೊಂಡೇ ಹುಟ್ಟಿದವನಂಥ ಮುಖ. ಪುಣೆಯ ಸದಾಶಿವ ಪೇಠೆಯ ಹಸ್ತಪ್ರತಿ ಮಂದಿರದಲ್ಲಿ ಅವಳಿಗೆ ಅಂದು ಮೊದಲ ದಿನ. ೧೯೩೬ನೆಯ ಇಸವಿ, ಮಾಘ ಮಾಸ.

ಅವಳು ಬಲಗೈಯನ್ನು ಸೆರಗಿನೊಳಗೆ ಸೇರಿಸಿಬಿಟ್ಟಳು. ಅಯ್ಯೋ, ಮೊದಲ ದಿನವೇ ಸಿಕ್ಕಿಬಿದ್ದೆನಲ್ಲ!

"ರೂಢಿ ರೀ," ಎಂದಷ್ಟೇ ಹೇಳಿದಳು.

ಅವನು ಹೆಚ್ಚು ಕೇಳಲಿಲ್ಲ. ಆದರೆ ಆ ನೋಟ... ಆ ನೋಟಕ್ಕೆ ಅವಳ ಕಿವಿ ಸಂಜೆಯವರೆಗೂ ಬಿಸಿಯಾಗಿಯೇ ಇತ್ತು.

ರೂಢಿ ಏನೆಂದು ನಾನು ಹೇಳುತ್ತೇನೆ. ಅಂಬಾಳ ಅಜ್ಜ ಸುಬ್ಬಯ್ಯ ಭಟ್ಟರು ಹೊನ್ನಾವರದ ಕಡೆಯಿಂದ ಬಂದು ಧಾರವಾಡದಲ್ಲಿ ನೆಲೆಸಿದ ಸಾಮವೇದಿಗಳು. ಸಾಮ ಹಾಡುವವರು ಸ್ವರವನ್ನು ಬಾಯಲ್ಲಿ ಹಾಡುತ್ತಲೇ ಕೈಯಲ್ಲೂ ತೋರಿಸುತ್ತಾರೆ. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡುತ್ತದೆ, ಒಂದೊಂದು ಸ್ವರಕ್ಕೆ ಒಂದೊಂದು ಜಾಗ. ಹೆಣ್ಣುಮಕ್ಕಳು ಹಾಡುವಂತಿರಲಿಲ್ಲ. ಅಜ್ಜ ಶಿಷ್ಯರಿಗೆ ಪಾಠ ಹೇಳುವಾಗ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಮೊಮ್ಮಗಳ ಕೈಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಹತ್ತು ವರ್ಷದಲ್ಲಿ ಆ ಕೈ ಎಲ್ಲವನ್ನೂ ಕಲಿತುಬಿಟ್ಟಿತ್ತು.

ಅಜ್ಜ ತೀರಿಕೊಂಡರು. ಶಿಷ್ಯರು ಕಚೇರಿಗಳಲ್ಲಿ ಗುಮಾಸ್ತರಾದರು. ಅಂಬಾ ಪುಣೆಯ ನಾರಾಯಣ ಪೇಠೆಯಲ್ಲಿದ್ದ ಸೋದರತ್ತೆ ರಂಗೂಬಾಯಿಯ ಮನೆ ಸೇರಿದಳು. ಮ್ಯಾಟ್ರಿಕ್ ಆಗಿತ್ತು, ಅಕ್ಷರ ಮುತ್ತಿನಂತಿತ್ತು. ಹಸ್ತಪ್ರತಿ ಮಂದಿರದಲ್ಲಿ ಒಂದು ಕುರ್ಚಿ ಸಿಕ್ಕಾಗ ಅವಳಿಗೆ ಸ್ವರ್ಗವೇ ಸಿಕ್ಕಿದಂತಾಗಿತ್ತು.

ಅಲ್ಲಿನ ಕೆಲಸವೂ ಅಂಥದ್ದೇ! ಒಂದೇ ಸಾಮಗಾನದ ನಾಲ್ಕು ಕೈಬರಹದ ಪ್ರತಿಗಳು. ಮೊದಲನೆಯದು ನಾಲ್ಕು ನೂರು ವರ್ಷ ಹಳೆಯದು, ಕೊನೆಯದಕ್ಕೆ ಅರವತ್ತು ವರ್ಷ. ಅಕ್ಷರಗಳ ನೆತ್ತಿಯ ಮೇಲೆ ಸ್ವರದ ಅಂಕಿಗಳು. ಒಬ್ಬರು ಓದುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಆಮೇಲೆ ನಾಲ್ಕನ್ನೂ ಪಕ್ಕಪಕ್ಕ ಇಟ್ಟು, ಹಾಡು ಯಾವ ಕಾಲಕ್ಕೆ ಎಲ್ಲಿ ಬದಲಾಯಿತು ಎಂದು ಹುಡುಕುವುದು. ಇದು ಅವಧೂತನ ಐದು ವರ್ಷದ ತಪಸ್ಸು.

ಅವನು ಓದುತ್ತಿದ್ದ, ಅವಳು ಬರೆಯುತ್ತಿದ್ದಳು. ಕಿಟಕಿಯ ಪಕ್ಕದ ಜಾಗವನ್ನು ಅವನೇ ಅವಳಿಗೆ ಬಿಟ್ಟುಕೊಟ್ಟ. ದಿನಕ್ಕೊಮ್ಮೆ ಹಾಳೆಯನ್ನು ನೋಡಿ "ಛಲೋ ಅದ" ಅನ್ನುತ್ತಿದ್ದ. ಆ ಎರಡು ಮಾತಿಗಾಗಿ ಅವಳು ಹೊಳೆಯ ಮೇಲಿನ ಲಕಡೀಪೂಲದ ತನಕವಾದರೂ ಓಡಿ ಹೋಗಿ ಬರುತ್ತಿದ್ದಳೋ ಏನೋ! ಅವನ ಮನಸ್ಸಿನಲ್ಲಿ ಏನಿತ್ತು? ಅದೇ ಇತ್ತು. ಬಾಯಿಗೆ ಮಾತ್ರ ಬೀಗ.

ಚೈತ್ರದಲ್ಲಿ ಅವನು ಇನ್ನೊಂದು ಪ್ರತಿ ಹುಡುಕಿಕೊಂಡು ತಂಜಾವೂರಿಗೆ ಹೊರಟ. ನಾಲ್ಕರಲ್ಲಿ ಎಲ್ಲಕ್ಕಿಂತ ಹಳೆಯ ಪ್ರತಿ ಮಾತ್ರ ಬರೆಯಲು ಬಾಕಿ ಉಳಿದಿತ್ತು. ಅದನ್ನು ಒಬ್ಬಳೇ ಬರೆದಿಡಲು ಅಂಬಾಳಿಗೆ ಒಪ್ಪಿಸಿದ. ನನ್ನ ಮೇಲೆ ಇಷ್ಟು ನಂಬಿಕೆಯೇ ಎಂದು ಅವಳ ಕಣ್ಣು ತುಂಬಿತು. ಎರಡು ತಿಂಗಳಲ್ಲಿ ಎಂಬತ್ನಾಲ್ಕು ಹಾಳೆ ಮುಗಿಸಿದಳು.

ಅವನು ಬರಿಗೈಯಲ್ಲಿ ಮರಳಿದರೂ ಅವಳ ಹಾಳೆ ನೋಡಿ ಕುಣಿದಾಡಿದ. ಹಳೆಯ ಪ್ರತಿಯೂ ಹೊಸ ಪ್ರತಿಯೂ ಹೆಚ್ಚುಕಡಿಮೆ ಒಂದೇ! ನಡುವಿನ ಎರಡರಲ್ಲಿ ಇದ್ದ ವ್ಯತ್ಯಾಸ ಬರೆದವರ ಕೈತಪ್ಪು. ಅಂದರೆ ಈ ಗಾನ ನಾಲ್ಕು ನೂರು ವರ್ಷ ಬದಲಾಗಿಯೇ ಇಲ್ಲ! ಪಂಡಿತರ ಸಭೆಯಲ್ಲಿ ಓದಲು ಪ್ರಬಂಧವೂ ಸಿದ್ಧವಾಯಿತು.

ಸಭೆಗೆ ಎರಡು ವಾರ ಇರುವಾಗ, ಒಂದು ಮಧ್ಯಾಹ್ನ, ಅವನು ಹಳೆಯ ಪ್ರತಿಯ ಒಂದು ಪುಟವನ್ನೂ ಅವಳ ಹಾಳೆಯನ್ನೂ ಅವಳ ಮುಂದೆ ಇಟ್ಟ. ಮುಖದಲ್ಲಿ ರಕ್ತವೇ ಇರಲಿಲ್ಲ.

ಪುಟದಲ್ಲಿ ಎರಡು ಎಂದಿದ್ದಲ್ಲಿ ಅವಳು ಮೂರು ಎಂದು ಬರೆದಿದ್ದಳು. ಕೆಳಗಿನ ಸಾಲಿನಲ್ಲಿ ಮತ್ತೊಂದು. ಒಂದೇ ಪುಟದಲ್ಲಿ ಹನ್ನೊಂದು ತಪ್ಪು.

ಅಂಬಾಳಿಗೆ ಕ್ಷಣದಲ್ಲಿ ಅರ್ಥವಾಯಿತು. ಕಣ್ಣು ಅಕ್ಷರ ಓದಿತ್ತು, ಲೇಖನಿ ಎತ್ತುವ ಮುನ್ನವೇ ಹೆಬ್ಬೆರಳು ತನ್ನಷ್ಟಕ್ಕೆ ಗೆಣ್ಣು ಮುಟ್ಟಿತ್ತು, ಮುಟ್ಟಿದ್ದನ್ನೇ ಅವಳು ಬರೆದುಬಿಟ್ಟಿದ್ದಳು. ಆ ಹಾಳೆಗಳ ಮೇಲಿದ್ದದ್ದು ನಾಲ್ಕು ನೂರು ವರ್ಷದ ಹಿಂದಿನ ಹಾಡಲ್ಲ, ಅಜ್ಜನ ಹಾಡು! ತಡವರಿಸುತ್ತ ಎಲ್ಲವನ್ನೂ ಹೇಳಿದಳು.

ಅವನು ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಎತ್ತಿಟ್ಟುಕೊಂಡ.

"ನಾಳೆಯಿಂದ ಬರಬ್ಯಾಡ್ರಿ. ನಾ ಹೇಳಿ ಕಳಸ್ತೀನಿ."

ಅಷ್ಟೇ. ನೋಡಿ, ಇಂಥ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇನ್ನೆರಡು ಮಾತು ಆಡಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಹತ್ತು ದಿನ ಕಳೆಯಿತು. ಯಾರೂ ಹೇಳಿ ಕಳಿಸಲಿಲ್ಲ. ಅಂಬಾಳಿಗೆ ಒಂದೇ ಚಿಂತೆ: ನನ್ನ ಕುರ್ಚಿ ಹೋಯಿತು... ಹೋಗಲಿ. ಅವರ ಐದು ವರ್ಷದ ಕೆಲಸ ನನ್ನಿಂದ ಮಣ್ಣುಪಾಲಾಯಿತಲ್ಲ! ಅವಳಿಗೆ ಊಟ ಸೇರಲಿಲ್ಲ. ರಂಗೂಬಾಯಿ ಮೊದಮೊದಲು ಸಮಾಧಾನ ಮಾಡಿದಳು, ಆಮೇಲೆ ಗದರಿಕೊಂಡಳು.

"ಗ್ವಾಡಿ ನೋಡಿಕೋತ ಕೂತ್ರ ಉತ್ರ ಬರತದೇನ? ಎದ್ದು ಹೋಗಿ ಕೇಳು. ಬೈದ್ರ ಬೈಸ್ಕೊಂಡು ಬಾ. ಹತ್ತು ದಿವಸ ಆತು, ಈ ಮನ್ಯಾಗ ಒಬ್ಬರ ಗಂಟಲಾಗೂ ತುತ್ತು ಇಳೀವಲ್ದು."

ಅಂಬಾ ಒಂದು ಕಾಗದ ಬರೆದಳು. ತಪ್ಪೆಲ್ಲ ನನ್ನದು, ಅವಧೂತ ಅವರದಲ್ಲ ಎಂದು. ಅದನ್ನು ಮಂದಿರದ ಮುಖ್ಯಸ್ಥ ಶಾಸ್ತ್ರಿಗಳ ಕೈಗೆ ಕೊಡಬೇಕು, ಇಷ್ಟು ದಿನ ಕೂರಿಸಿದ್ದಕ್ಕೆ ಕೈಮುಗಿಯಬೇಕು, ಹಿಂದಿರುಗಿ ನೋಡದೆ ಬಂದುಬಿಡಬೇಕು ಎಂದುಕೊಂಡು ಹೊರಟಳು.

ಶಾಸ್ತ್ರಿಗಳು ಕಾಗದ ಓದಿ ಕನ್ನಡಕ ತೆಗೆದರು. ಮರಾಠಿಯಲ್ಲಿ ಅವರು ಹೇಳಿದ್ದಿಷ್ಟು: ಇಂಥದ್ದೇ ಕಾಗದವನ್ನು ಅವಧೂತ ಹತ್ತು ದಿನದ ಹಿಂದೆಯೇ ಕೊಟ್ಟಿದ್ದಾನೆ. ಇಬ್ಬರು ಮಾಡುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿದವನು ನಾನು, ಆದ್ದರಿಂದ ತಪ್ಪು ನನ್ನದು ಎಂದು ಬರೆದು ಪ್ರಬಂಧವನ್ನು ತಾನೇ ಹಿಂದಕ್ಕೆ ಪಡೆದಿದ್ದಾನೆ. ಈಗ ಒಳಗಿದ್ದಾನೆ, ಹೋಗಿ ನೋಡು.

ಅಂಬಾ ಕಾಗದವನ್ನು ಅಲ್ಲೇ ಬಿಟ್ಟು ಒಳಕ್ಕೆ ನಡೆದಳು.

ಒಳಗೆ ಅವಧೂತ ನೆಲದ ತುಂಬ ಹಾಳೆ ಹರಡಿಕೊಂಡು ಕುಳಿತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡವನೇ ಎದ್ದು ನಿಂತ.

"ನಾನಽ ಬರಾಂವ ಇದ್ದೆ. ಇವತ್ತ ಮುಗೀತು, ನೋಡ್ರಿ ಇಲ್ಲಿ."

ಹಳೆಯ ಪ್ರತಿಯನ್ನು ಅವನು ಇನ್ನೊಬ್ಬ ಪಂಡಿತರ ಜೊತೆ ಹಗಲೂ ರಾತ್ರಿ ಕೂತು ಹೊಸದಾಗಿ ಬರೆದಿದ್ದ. ಈಗ ಎಲ್ಲ ಕಣ್ಣಿಗೆ ಕಟ್ಟುವಂತಿತ್ತು. ಹಳೆಯದರಲ್ಲಿ ಎರಡು. ನಡುವಿನವುಗಳಲ್ಲಿ ಕೆಲವೆಡೆ ಎರಡು, ಕೆಲವೆಡೆ ಮೂರು. ಅರವತ್ತು ವರ್ಷದ್ದರಲ್ಲಿ ಹೆಚ್ಚಿನ ಕಡೆ ಮೂರು. ಹಾಡು ಬದಲಾಗಿತ್ತು, ಮೆಲ್ಲಗೆ, ತಲೆಮಾರಿನಿಂದ ತಲೆಮಾರಿಗೆ. ಕೈತಪ್ಪು ಎಂದು ಅವನು ತಳ್ಳಿಹಾಕಿದ್ದೆಲ್ಲ ಆ ಬದಲಾವಣೆಯ ಹೆಜ್ಜೆಗಳೇ.

ಅವುಗಳ ಪಕ್ಕದಲ್ಲಿ ಐದನೆಯದಾಗಿ ಅಂಬಾಳದೇ ಹಾಳೆಗಳು. ಅಲ್ಲಿ ಎಲ್ಲೆಡೆಯೂ ಮೂರು. ಮೊದಲ ಹಾಳೆಯ ನೆತ್ತಿಯಲ್ಲಿ ಅವನ ಅಕ್ಷರ: 'ಧಾರವಾಡದ ಸುಬ್ಬಯ್ಯ ಭಟ್ಟರ ಪಾಠ. ಬರೆದವರು ಅವರ ಮೊಮ್ಮಗಳು ಅಂಬಾ.'

"ನಿಮ್ಮ ಅಜ್ಜಾರ ಪಾಠ ಯಾವ ಪ್ರತಿಯಾಗೂ ಇಲ್ಲ," ಎಂದ ಅವಧೂತ. "ನೀವು ತಪ್ಪು ಮಾಡದ ಇದ್ರ ಅದು ಯಾರಿಗೂ ಗೊತ್ತಾಗ್ತಿರಲಿಲ್ಲ."

ಅಂಬಾ ಅಲ್ಲೇ ಕುಸಿದು ಕುಳಿತಳು. ಅಜ್ಜ ಕೊನೆಯ ದಿನಗಳಲ್ಲಿ ಒಂದೇ ಮಾತು ಹೇಳುತ್ತಿದ್ದರು, ನನ್ನೊಂದಿಗೆ ಇದೂ ಮುಗಿಯಿತು ಎಂದು. ಮುಗಿದಿರಲಿಲ್ಲ... ಅವಳು ಮುಖ ಮುಚ್ಚಿಕೊಂಡು ಅತ್ತಳು. ಹತ್ತು ದಿನದಿಂದ ತಡೆದಿಟ್ಟಿದ್ದೆಲ್ಲ ಹರಿದುಹೋಯಿತು.

ಅಳು ನಿಂತ ಮೇಲೆ ಕೇಳಿದಳು, "ಮತ್ತ ಬರಬ್ಯಾಡ ಅಂದದ್ದು ಯಾಕ್ರಿ?"

"ಪಂಡಿತರು ನಿಮ್ಮನ್ನ ಸಭಾದಾಗ ನಿಲ್ಲಿಸಿ ಕೇಳ್ತಿದ್ರು, ಹೆಣ್ಣುಮಗಳಿಗೆ ಇದನ್ನ ಯಾರು ಕಲಿಸಿದ್ರು ಅಂತ. ನನ್ನ ಕೈಯಾಗ ಉತ್ರ ಬರೂತನಕ ನಿಮ್ಮನ್ನ ಅವರ ಬಾಯಿಗೆ ಕೊಡೋದು ಬ್ಯಾಡಾಗಿತ್ತು. ಶಾಸ್ತ್ರಿಗಳು ಈಗ ಒಪ್ಪ್ಯಾರ. ನಿಮ್ಮ ಕುರ್ಚಿ ನಿಮ್ಮದಽ."

"ಒಂದ ಮಾತು ಹೇಳಿ ಕಳಸಿದ್ರ ಆಗ್ತಿತ್ತಲ್ರಿ. ನಾ ಹತ್ತು ದಿವಸ ಸತ್ತು ಬದುಕೀನಿ."

ಅವನ ತಲೆ ತಗ್ಗಿತು. ತಪ್ಪಾಯಿತು ಎಂದ. ಆಮೇಲೆ, ಇನ್ನೂ ಮೆಲ್ಲಗೆ, "ನನಗೂ ಹಂಗಽ ಆಗಿತ್ತು. ಕಿಡಕಿ ಕಡೆ ನೋಡ್ಲಿಕ್ಕೆ ಆಗ್ಲಿಲ್ಲ. ನೀವು ಒಪ್ಪಿದ್ರ... ನಿಮ್ಮ ಅತ್ತಿಯವರ ಹತ್ರ ಬಂದು ಕೇಳಬೇಕಂತ ಮಾಡೀನಿ," ಎಂದ.

ಅಬ್ಬಾ, ಕೊನೆಗೂ ಬೀಗ ತೆರೆಯಿತು!

ಅಂಬಾ ಕಣ್ಣೊರೆಸಿಕೊಂಡಳು.

"ನೀವು ನಮ್ಮ ಅಜ್ಜನ್ನ ಉಳಿಸಿಕೊಟ್ರಿ. ಆ ಉಪಕಾರ ನಾ ಸಾಯೂತನಕ ಮರಿಯಾಂಗಿಲ್ಲ. ಆದ್ರ ಆ ಉಪಕಾರಕ್ಕ ಹೂಂ ಅನ್ನಾಕಿ ಅಲ್ಲ ನಾ."

ಅವನ ಮುಖ ಬಾಡಿತು. "ಹಂಗಾದ್ರ...?"

"ಹಂಗಾದ್ರ ಏನು? ಉಪಕಾರ ಬ್ಯಾರೆ, ಇದು ಬ್ಯಾರೆ. ಅದು ಇರಲಾರದಿದ್ರೂ ನಿಮಗ ಹೂಂ ಅಂತಿದ್ದೆ."

ಗಂಟಿಕ್ಕಿದ ಹುಬ್ಬಿನ ಆ ಮನುಷ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು.

"ಇನ್ನೊಮ್ಮೆ ಅನ್ರಿ."

"ಮೊದಲ ಮನಿಗೆ ಬಂದು ಅತ್ತಿ ಕಡಿಂದ ಬೈಸ್ಕೋರಿ. ಆಮ್ಯಾಲೆ ಜನ್ಮಪೂರ್ತಿ ಅಂತೀನಿ."