ಕಾಳವ್ವನ ಕೈಯ ಬೋಣಿ

ಫೋರ್ಕ್‌ಲಿಫ್ಟ್ ನೇರ ನನ್ನ ಮೇಲೆಯೇ ಬರುತ್ತಿತ್ತು.

ಬೆನ್ನ ಹಿಂದೆ ಪಶು ಆಹಾರದ ಚೀಲಗಳ ಗೋಡೆ. ಎದುರಿಗೆ ಎರಡು ಕಬ್ಬಿಣದ ಹಲ್ಲು, ಸರಿಯಾಗಿ ನನ್ನ ಹೊಟ್ಟೆಯ ಮಟ್ಟಕ್ಕೆ...

ಪಕ್ಕಕ್ಕೆ ಹಾರಿದೆ. ಹಲ್ಲು ಚೀಲಕ್ಕೆ ನೆಟ್ಟಿತು. ಪುಡಿಯೆಲ್ಲ ನನ್ನ ತಲೆಯ ಮೇಲೆ ಸುರಿಯಿತು.

"ಅಂಕಲ್, ನಿಕಲೋ ಯಹಾಂ ಸೇ," ಅಂದ ಕೈಲಾಸ, ಸ್ಟೀರಿಂಗ್ ಬಿಡದೆ. ಇಲ್ಲಿಂದ ಹೊರಡಿ ಅಂತ. ಗೋಡೌನಿನ ಮಾಲೀಕ ಬಸಲಿಂಗಪ್ಪನವರ ಮಗ. ಹುಟ್ಟಿದ್ದು ಮುಂಬೈ ಪಕ್ಕದ ಕಲ್ಯಾಣದಲ್ಲಿ. ಕನ್ನಡ ಕಿವಿಗೆ ಹೋಗುತ್ತೆ, ಬಾಯಿಗೆ ಬರೋದು ಹಿಂದಿ.

ನಾನು ರಘುಪತಿ. ವಾಶಿಯಲ್ಲಿ ಒಂದು ಟೇಬಲ್ಲಿನ ಆಫೀಸು. ಹೊರದೇಶದಿಂದ ಪಶು ಆಹಾರ, ದನದ ಔಷಧಿ ತರಿಸುವವರಿಗೆ ಸರ್ಕಾರದ ಪರ್ಮಿಟ್ ಮಾಡಿಸಿಕೊಡುತ್ತೇನೆ. ನಿಮ್ಮಪ್ಪ ಡೊಂಬಿವಲಿಯಲ್ಲಿ ಇಡ್ಲಿ ಮಾರಿದರು, ನೀವು ರಬ್ಬರ್ ಸ್ಟಾಂಪ್ ಮಾರುತ್ತೀರಿ ಅಂತ ಹೆಂಡತಿ ಮುಕ್ತಾ ಕಾಲೆಳೆಯುತ್ತಾಳೆ. ಇರಲಿ.

ನಿಯಮ ಕಷ್ಟದ್ದೇನಲ್ಲ. ಹಡಗು ಹೊರಡುವ ಮೊದಲೇ ಪರ್ಮಿಟ್ ಕೈಯಲ್ಲಿರಬೇಕು. ಮಾಲು ಇಳಿದ ಮೇಲೆ ಕ್ವಾರಂಟೈನ್ ಆಫೀಸರ್ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ರಿಪೋರ್ಟ್ ಬರುವ ತನಕ ಗೋಡೌನಿಗೆ ಸೀಲ್. ಒಂದು ಹಿಡಿಯೂ ಹೊರಗೆ ಹೋಗಕೂಡದು. ಹೋಗೋದಿಲ್ಲ ಅಂತ ಏಜೆಂಟ್ ಸಹಿ ಹಾಕಬೇಕು.

ಬಸಲಿಂಗಪ್ಪನವರ ಮಾಲಿಗೆ ಆ ಸಹಿ ನನ್ನದು.

ಇವತ್ತು ಮಧ್ಯಾಹ್ನ ರಿಪೋರ್ಟ್ ಬಂತು. ಫೇಲ್! ಸಾಲ್ಮೊನೆಲ್ಲಾ. ತಿಂದ ಎಮ್ಮೆ ಉಳಿದರೆ ಅದರ ಪುಣ್ಯ. ಹೇಳೋಣ ಅಂತ ಭಿವಂಡಿಯ ಈ ಗೋಡೌನಿಗೆ ಬಂದೆ. ಮುಂದಿನ ಶಟರಿನ ಸೀಲ್ ಹಾಗೇ ಇತ್ತು. ಯಾಕೋ ಅನುಮಾನ ಬಂದು ಹಿಂದೆ ಹೋದೆ... ಅಲ್ಲೊಂದು ಬಾಗಿಲು. ಹಾರುಹೊಡೆದಿತ್ತು.

ಸೀಲ್ ಹಾಕಿದ ದಿನ ಹಿಂಬಾಗಿಲು ಇದೆಯಾ ಅಂತ ನಾನು ನೋಡಿರಲಿಲ್ಲ. ಬಸಲಿಂಗಪ್ಪನವರು ತರಿಸಿದ ಚಹಾ ಕುಡಿಯುತ್ತ ಕೂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಆಯಿತು.

ಗಲಾಟೆ ಕೇಳಿ ಬಸಲಿಂಗಪ್ಪನವರೇ ಓಡಿ ಬಂದರು. ಮಗನನ್ನು ಬೈದರು. ನನ್ನ ಅಂಗಿ ಕೊಡವಿದರು. ಒಂದು ಚೀಲವೂ ಹೊರಗೆ ಹೋಗಿಲ್ಲ ಅಂತ ಲಿಂಗ ಮುಟ್ಟಿ ಹೇಳಲು ಹೊರಟರು.

ಅಷ್ಟರಲ್ಲಿ ನನ್ನ ಕಣ್ಣಿಗೆ ಬಿತ್ತು. ಒಂದು ಚೀಲದ ಮೇಲೆ ವಿಭೂತಿ, ಕುಂಕುಮ. ಪಕ್ಕದಲ್ಲಿ ಒಡೆದ ಕಾಯಿ. ಮುಟ್ಟಿದೆ. ಇನ್ನೂ ಒದ್ದೆ.

"ಇವತ್ತು ಅಮಾವಾಸ್ಯೆ ಅಲ್ವಾ ಸಾಹುಕಾರ್ರೆ?"

"ಪೂಜಿ ಮಾಡೀನಿ, ಖರೆ," ಅಂದರು. "ನಿಮ್ಮ ರಿಪೋರ್ಟ್ ಬರೂತನಕ ಅಮಾಸಿ ಕಾಯತೈತೇನ್ರಿ?"

ಈ ಮನುಷ್ಯನನ್ನು ಹನ್ನೆರಡು ವರ್ಷದಿಂದ ಬಲ್ಲೆ. ಪೂಜೆ ಆದಮೇಲೆ ಹೊಸ ಮಾಲಿನ ಮೊದಲ ಮಾರಾಟ, ಬೋಣಿ, ಆಗದೆ ಊಟ ಮುಟ್ಟುವವರಲ್ಲ. ಬೋಣಿಯೂ ಒಬ್ಬರ ಕೈಯಿಂದಲೇ ಆಗಬೇಕು. ಕಲ್ಯಾಣದಲ್ಲಿ ಹದಿನೆಂಟು ಎಮ್ಮೆಗಳ ತಬೇಲಾ ನಡೆಸುವ ಕಾಳವ್ವ. ಆಕಿ ಕೈಗುಣ ಚಲೋ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ.

"ಕಾಳವ್ವನಿಗೆ ಚೀಲ ಕಳಿಸಿ ಎಷ್ಟು ಹೊತ್ತಾಯ್ತು?"

ಅವರ ಮುಖ ಬಿಳಿಚಿಕೊಂಡಿತು. "ತಾಸ್ ಆತು..."

ಓಡಿದೆ. ಸ್ಕೂಟರ್ ಹತ್ತಿದೆ. ಕಾಳವ್ವನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಹಾಲು ಕರೆಯುವ ಹೊತ್ತು. ರಿಂಗಾದರೆ ಎಮ್ಮೆಗಳು ಬೆದರುತ್ತವೆ ಅಂತ ಆಗ ಫೋನ್ ಮನೆಯಲ್ಲೇ ಇಟ್ಟಿರುತ್ತಾಳೆ. ಕರೆದ ಮೇಲೆ ಮೇವು. ಅಂದರೆ ನನಗೆ ಉಳಿದದ್ದು ಅರ್ಧ ಗಂಟೆ. ಹೆಚ್ಚಿಲ್ಲ.

ಕನ್ನಡಿಯಲ್ಲಿ ಒಂದು ಬೈಕು. ಕೈಲಾಸ! ಕಲ್ಯಾಣ ರೋಡಿನಲ್ಲಿ ಪಕ್ಕಕ್ಕೇ ಬಂದ. ರುಕೋ ಅಂದ. ನಾನು ನಿಲ್ಲಿಸಲಿಲ್ಲ. ಒದ್ದ. ಕನ್ನಡಿ ಮುರಿದು ಹೋಯಿತು, ಸ್ಕೂಟರ್ ಓಲಾಡಿತು, ಒಂದು ಟೆಂಪೋ ನನ್ನ ಮೊಣಕೈ ಸವರಿಕೊಂಡು ಹೋಯಿತು. ಹೆದರಿದೆ, ಸುಳ್ಳು ಯಾಕೆ ಹೇಳಲಿ.

ದುರ್ಗಾಡಿ ಸೇತುವೆಯಲ್ಲಿ ಟ್ರಾಫಿಕ್ ಗಟ್ಟಿಯಾಗಿ ನಿಂತಿತ್ತು. ಎರಡು ಟ್ರಕ್ಕಿನ ನಡುವೆ ಸ್ಕೂಟರ್ ತೂರಿಸಿದೆ. ಅವನ ಬೈಕು ದಪ್ಪ. ಸಿಕ್ಕಿಕೊಂಡಿತು.

ತಬೇಲಾ ತಲುಪಿದಾಗ ಕಾಳವ್ವ ಬಕೆಟ್ ಹಿಡಿದು ಸಾಲಿನ ತುದಿಯಲ್ಲಿ ನಿಂತಿದ್ದಳು.

"ಕೆಳಗಿಡಿ ಕಾಳವ್ವಾ! ಹಾಕಬೇಡಿ!"

"ಯಾಕ್ ತಮ್ಮಾ, ಏನಾತು?"

ಹೇಳಿದೆ. ಆಕೆ ಬಕೆಟ್ ಇಟ್ಟಳು. ಆಮೇಲೆ ತುದಿಯ ಎಮ್ಮೆಯ ಕಡೆ ನೋಡಿದಳು. ಬಿಜಲಿ. ಎಲ್ಲಕ್ಕಿಂತ ಹಿರಿಯದು. ಅಮಾವಾಸ್ಯೆಯ ಹೊಸ ಚೀಲದ ಮೊದಲ ಪಾಲು ಹಿರಿಯಳಿಗೆ. ಅದು ಕಾಳವ್ವನ ಪದ್ಧತಿ.

ಬಿಜಲಿ ಬಾಯಿ ಆಡಿಸುತ್ತಿತ್ತು.

ಕೈಲಾಸ ಆಗ ಬಂದ. ಮುಷ್ಟಿ ಬಿಗಿದೇ ಬಂದ. ನಾನು ಲಂಚಕ್ಕೆ ಬಂದವನು ಅಂತಲೇ ಅವನ ತಿಳುವಳಿಕೆ. ಮೊಬೈಲಿನಲ್ಲಿ ರಿಪೋರ್ಟ್ ತೋರಿಸಿದೆ. ಓದಿದ. ಕೈ ಇಳಿಯಿತು. ಕಾಳವ್ವನ ಹತ್ತಿರ ಹೋಗಿ ನಿಂತ.

"ನಮಗ ಗೊತ್ತಿರಲಿಲ್ಲ, ಆಯಿ."

ಅವನ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು.

ಅಲ್ಲೇ ನಿಂತು ಕ್ವಾರಂಟೈನ್ ಆಫೀಸರಿಗೆ ಫೋನ್ ಮಾಡಿದೆ. ಬಸಲಿಂಗಪ್ಪನವರ ಹೆಸರು ಹೇಳಿದೆ. ಅದಕ್ಕೂ ಮೊದಲು ನನ್ನ ಹೆಸರು ಹೇಳಿದೆ.

ಮೂರನೇ ದಿನ ಬಿಜಲಿಗೆ ಜ್ವರ. ಐದನೇ ದಿನ ಎದ್ದೇಳಲಿಲ್ಲ. ಹದಿನೇಳು ಉಳಿದವು. ಕಾಳವ್ವ ನನ್ನನ್ನು ಬೈಯಲಿಲ್ಲ. ಚಹಾ ಕೊಟ್ಟಳು.

ಏಪ್ರಿಲ್ ಮೊದಲ ವಾರ ನನ್ನ ವಿಚಾರಣೆ. ಲೈಸೆನ್ಸ್ ಸಸ್ಪೆಂಡ್. ಆಫೀಸರು ಹೊಸ ಹಣಕಾಸು ವರ್ಷದ ರಿಜಿಸ್ಟರ್ ತೆಗೆದರು. ಮೊದಲ ಪುಟ, ಮೊದಲ ಗೆರೆ, ನನ್ನ ಹೆಸರು. ನಿಮ್ಮ ಮೇಲೆ ನೀವೇ ಕಂಪ್ಲೇಂಟ್ ಕೊಟ್ಟಿದ್ದೀರಲ್ಲ, ಏನಾದರೂ ಹೇಳೋದಿದೆಯಾ ಅಂತ ಕೇಳಿದರು.

"ಏನಿಲ್ಲ ಸರ್," ಅಂದೆ. "ನಿಮ್ಮ ರಿಜಿಸ್ಟರಿಗೆ ಬೋಣಿ ಚೆನ್ನಾಗಿ ಆಯ್ತು."